ನಿಮಗಿದು ಗೊತ್ತೇ? ಬೆಕ್ಕಿನ ಮರಿಗೆ ಬೆಳಗಿನ ತನಕ ಪುರಸೊತ್ತಿಲ್ಲ

ಬೆಕ್ಕಿಗೆ ಒಂಬತ್ತು ಜೀವ ಎಂದು ಯಾರೋ ಹೇಳಿಟ್ಟಿದ್ದಾರೆ. ಅದನ್ನು ನಂಬಿಕೊಂಡೋ ಏನೋ, ಮರಿ ಮಂಕಾಗಿ ಮೂಲೆ ಸೇರಿದ ರಾತ್ರಿಯೂ ‘ಬೆಳಿಗ್ಗೆ ನೋಡೋಣ ಬಿಡು’ ಎಂದು ದೀಪ ಆರಿಸಿ ಮಲಗಿಬಿಡುತ್ತೇವೆ. ಅಂಗೈಯಲ್ಲಿ ಹಿಡಿಸುವ ಆ ಪ್ರಾಣಿಯ ಮೈಯಲ್ಲಿ ಕೊಬ್ಬು ಕಮ್ಮಿ, ಸಕ್ಕರೆಯ ದಾಸ್ತಾನು ಇನ್ನೂ ಕಮ್ಮಿ, ನೀರಂತೂ ಬಲು ಬೇಗ ಬತ್ತುತ್ತದೆ. ದೊಡ್ಡ ಬೆಕ್ಕು ಎರಡು ದಿನ ತಡೆದುಕೊಳ್ಳುವ ಕಾಯಿಲೆ ಮರಿಯನ್ನು ಒಂದು ರಾತ್ರಿಯಲ್ಲಿ ಮುಗಿಸಬಲ್ಲದು. ಯಾವುದಕ್ಕೆ ಆ ಹೊತ್ತಿನಲ್ಲೇ ಓಡಬೇಕು, ಯಾವುದಕ್ಕೆ ಬೇಡ?

● ಹುಟ್ಟಿದ ಮರಿಯ ತೂಕ ಹೆಚ್ಚುಕಡಿಮೆ 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರುತ್ತಾ ಎರಡು ವಾರದೊಳಗೆ ಅದು ಇಮ್ಮಡಿಯಾಗಬೇಕು. ಹೀಗಾಗಿ ಬೆಕ್ಕು ಮರಿ ಹಾಕಿದ ಮನೆಯಲ್ಲಿ ಥರ್ಮಾಮೀಟರಿಗಿಂತ ಮೊದಲು ಬೇಕಾದದ್ದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ತಕ್ಕಡಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ದಿನ ತೂಕ ಏರಲಿಲ್ಲವೆಂದರೆ ಎಚ್ಚರಿಕೆ. ಮೊದಲ ದಿನ ಕಳೆದ ಮೇಲೂ ತೂಕ ಇಳಿಯಿತೆಂದರೆ ಅವತ್ತೇ ಡಾಕ್ಟರು. ಬರೀ 10 ಗ್ರಾಂ ತಾನೇ ಎನ್ನಬೇಡಿ. ಅದು 60 ಕಿಲೋ ಮನುಷ್ಯ ರಾತ್ರೋರಾತ್ರಿ 6 ಕಿಲೋ ಇಳಿದ ಹಾಗೆ.

● ಮೊದಲ ವಾರದ ಮರಿಗೆ ನಡುಗಲು ಬರುವುದಿಲ್ಲ! ಚಳಿಯಾದರೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ವ್ಯವಸ್ಥೆ ಆಗಿನ್ನೂ ಕೆಲಸ ಶುರುಮಾಡಿರುವುದಿಲ್ಲ. ಆ ವಾರ ಅದರ ಮೈಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಅಷ್ಟೇ. ದೊಡ್ಡ ಬೆಕ್ಕಿನ 38–39 ಡಿಗ್ರಿಗೆ ಬರಲು ನಾಲ್ಕು ವಾರ ಹಿಡಿಯುತ್ತದೆ. ತಾಯಿ ಇಲ್ಲದ ಮರಿ ಸಿಮೆಂಟ್ ನೆಲದ ಮೇಲೆ ಒಂದು ರಾತ್ರಿ ಕಳೆದರೆ ಹಸಿವಿಗಿಂತ ಮೊದಲು ಅದನ್ನು ಕೊಲ್ಲುವುದು ಶೀತ.

● ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಈ ಅಂಕಣದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮೈಬಿಸಿ ಸುಮಾರು 34.5 ಡಿಗ್ರಿಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಅಲ್ಲೇ ಹುಳಿಯುತ್ತದೆ, ಇಲ್ಲವೇ ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಾಪ, ಹಸಿದಿದೆ ಎಂದು ಕರುಣೆಯಿಂದ ಹಾಕಿದ ಹಾಲೇ ಪ್ರಾಣ ತೆಗೆಯುವುದು ಹೀಗೆ. ಮೊದಲು ಬೆಚ್ಚಗಾಗಲಿ: ನಿಮ್ಮ ಎದೆಗೆ ಒತ್ತಿಕೊಂಡು ಮೇಲೆ ಶಾಲು ಹೊದೆಯಿರಿ, ಅಥವಾ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಪಕ್ಕ ಮಲಗಿಸುವುದು ಬೇಡ. ಒಮ್ಮೆಲೇ ಬಿಸಿಯಾದರೂ ಅಪಾಯವೇ. ಇದು ಗಂಟೆ, ಎರಡು ಗಂಟೆಯ ಕೆಲಸ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿದೆ, ಮರಿ ಎತ್ತಿದರೆ ಬಟ್ಟೆಯಂತೆ ಜೋತುಬೀಳುತ್ತಿದೆ ಎಂದರೆ ಬೆಚ್ಚಗೆ ಮಾಡುವ ಕೆಲಸವನ್ನು ಆಟೋದಲ್ಲೇ ಮಾಡಿ.

● ಹೀಗೆ ಜೋತುಬಿದ್ದ ಮರಿಯ ರಕ್ತದಲ್ಲಿ ಸಕ್ಕರೆ ಇಳಿದಿರುವ ಸಂಭವ ಬಹಳ. ಬೆರಳ ತುದಿಗೆ ಒಂದೆರಡು ಹನಿ ಸಕ್ಕರೆ ಪಾಕವನ್ನೋ ಜೇನುತುಪ್ಪವನ್ನೋ ತೆಗೆದುಕೊಂಡು ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ನುಂಗುವ ಶಕ್ತಿ ಅದಕ್ಕಿರುವುದಿಲ್ಲ. ಔಷಧ ಕೊಟ್ಟೆವೆಂದು ನಿರಾಳವಾಗುವುದೂ ಬೇಡ. ಇದು ಆಸ್ಪತ್ರೆ ಮುಟ್ಟುವವರೆಗಿನ ದಾರಿಖರ್ಚು ಮಾತ್ರ.

● ಎಷ್ಟು ಹೊತ್ತು ಏನೂ ತಿನ್ನದಿದ್ದರೆ ಗಾಬರಿಯಾಗಬೇಕು? ಒಂದೆರಡು ವಾರದ ಮರಿಯಾದರೆ ನಾಲ್ಕೈದು ಗಂಟೆಯೇ ಹೆಚ್ಚು. ಆರು ವಾರದೊಳಗಿನದಕ್ಕೆ 12 ಗಂಟೆ. ಅದಕ್ಕಿಂತ ದೊಡ್ಡ ಮರಿಗೆ ಒಂದು ದಿನ. ಜೊತೆಗೆ ವಾಂತಿಯೋ ಭೇದಿಯೋ ಇದ್ದರೆ ಈ ಯಾವ ಲೆಕ್ಕವೂ ಇಲ್ಲ, ತಕ್ಷಣ ಹೊರಡಿ.

● ಗುರ್‌ಗುಟ್ಟುವ ಬೆಕ್ಕೆಲ್ಲ ಸುಖವಾಗಿಲ್ಲ. ಮೂಳೆ ಮುರಿದಾಗ, ಹೆರಿಗೆ ನೋವಿನಲ್ಲಿ, ಸಾಯುವ ಹೊತ್ತಿನಲ್ಲೂ ಬೆಕ್ಕು ಗುರ್‌ಗುಟ್ಟುತ್ತದೆ. ‘ತೊಡೆಯ ಮೇಲೆ ಆರಾಮಾಗಿ ಗುರ್ ಅಂತಿದೆ, ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ನೋವನ್ನು ಮುಚ್ಚಿಡುವುದು ಬೆಕ್ಕಿನ ರಕ್ತದಲ್ಲೇ ಇದೆ. ಇಲಿಗೆ ಬೇಟೆಗಾರನಾದ ಅದು ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಆಹಾರ. ಸೋತಂತೆ ಕಂಡರೆ ಉಳಿಗಾಲವಿಲ್ಲ ಎಂದು ಅದರ ವಂಶಕ್ಕೇ ಗೊತ್ತಿದೆ. ಆದ್ದರಿಂದ ಮರಿ ಸೋತಿರುವುದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ದಾಟಿರುತ್ತದೆ.

● ನಾಯಿ ನಾಲಗೆ ಚಾಚಿ ಏದುಸಿರು ಬಿಡುವುದು ಸಹಜ, ಬೆಕ್ಕು ಬಿಡುವುದು ತುರ್ತು. ಮೈಮರೆತು ಕುಣಿದಾಡಿದ ಮರಿ ಅರೆನಿಮಿಷ ಬಾಯಿ ತೆರೆದು ಸುಧಾರಿಸಿಕೊಂಡರೆ ಪರವಾಗಿಲ್ಲ. ಸುಮ್ಮನೆ ಕೂತಲ್ಲಿ ಬಾಯಿಂದ ಉಸಿರಾಡುತ್ತಿದೆ, ಕತ್ತು ಮುಂದೆ ಚಾಚಿದೆ, ಮುಂಗಾಲಿನ ಮೊಣಕೈ ಅಗಲಿಸಿ ಕೂತಿದೆ, ಉಸಿರಿಗೊಮ್ಮೆ ಹೊಟ್ಟೆ ತಿದಿಯೊತ್ತುತ್ತಿದೆ ಎಂದರೆ ಒಂದು ನಿಮಿಷವೂ ಕಾಯಬಾರದು. ಮಲಗಿದ ಬೆಕ್ಕಿನ ಉಸಿರು ನಿಮಿಷಕ್ಕೆ 15ರಿಂದ 30. ಎಳೆಯ ಮರಿಗೆ ತುಸು ಹೆಚ್ಚಿರಬಹುದು. 40 ದಾಟಿ ಅಲ್ಲೇ ನಿಂತಿದ್ದರೆ ಏನೋ ಕೆಟ್ಟಿದೆ. ಪಕ್ಕೆ ಏಳುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರಾಯಿತು. ಇಂಥ ಮರಿಯನ್ನು ಅಂಗಾತ ತಿರುಗಿಸಿ ಪರೀಕ್ಷೆ ಮಾಡುವುದು, ಬಿಗಿಯಾಗಿ ಅಪ್ಪಿಕೊಳ್ಳುವುದು, ಬಲವಂತವಾಗಿ ನೀರು ಕುಡಿಸುವುದು ಯಾವುದೂ ಬೇಡ. ರಟ್ಟಿನ ಪೆಟ್ಟಿಗೆಯಲ್ಲಿ ಅದಕ್ಕೆ ಬೇಕಾದಂತೆ ಕೂರಲು ಬಿಟ್ಟು ಹೊರಡಿ.

● ಮರಿಯ ಆರೋಗ್ಯ ಒಸಡಿನಲ್ಲಿ ಬರೆದಿರುತ್ತದೆ. ತುಟಿ ಎತ್ತಿ ನೋಡಿ. ಗುಲಾಬಿ ಇದ್ದರೆ ಸರಿ. ಬಿಳಿಚಿದ್ದರೆ ರಕ್ತ ಕಮ್ಮಿ ಅಥವಾ ಆಘಾತ. ನೀಲಿಗಟ್ಟಿದ್ದರೆ ಉಸಿರು ಸಾಲುತ್ತಿಲ್ಲ. ಹಳದಿಯಾದರೆ ಕಾಮಾಲೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಿಷದ ಶಂಕೆ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ಬೆಕ್ಕುಗಳ ಒಸಡೇ ಕಪ್ಪು. ಅಂಥವುಗಳಲ್ಲಿ ನಾಲಗೆಯನ್ನೋ ಕೆಳರೆಪ್ಪೆಯ ಒಳಗನ್ನೋ ನೋಡಬೇಕು. ಚೆನ್ನಾಗಿರುವ ದಿನ ಒಮ್ಮೆ ನೋಡಿಟ್ಟುಕೊಂಡರೆ ಕೆಟ್ಟ ದಿನ ವ್ಯತ್ಯಾಸ ತಿಳಿಯುತ್ತದೆ.

● ಕತ್ತಿನ ಚರ್ಮ ಎಳೆದು ಬಿಟ್ಟು, ಅದು ಎಷ್ಟು ಬೇಗ ವಾಪಸ್ ಕೂರುತ್ತದೆ ಎಂದು ನೋಡಿ ನೀರಿನಂಶ ಅಳೆಯುವ ಉಪಾಯ ಎಳೆಯ ಮರಿಯಲ್ಲಿ ಕೈಕೊಡುತ್ತದೆ. ಒಸಡು ಬೆರಳಿಗೆ ಅಂಟಂಟಾಗಿ ಹತ್ತುತ್ತಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಬತ್ತಿದೆ ಎಂದು ತಿಳಿಯಿರಿ. ಹಾಲು ಕುಡಿಯುವ ಮರಿಯ ಮೂತ್ರಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರಬಾರದು.

● ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ನೇರ ವಿಷ. ಡೋಲೊ, ಕ್ರೋಸಿನ್, ಮಕ್ಕಳ ಸಿರಪ್ಪು, ಹೆಸರು ಯಾವುದಾದರೂ ಒಳಗಿರುವುದು ಅದೇ. ನಮ್ಮ ಪಿತ್ತಜನಕಾಂಗ ಈ ಮದ್ದನ್ನು ಪಳಗಿಸಿ ಹೊರಹಾಕಲು ಬಳಸುವ ಒಂದು ಕಿಣ್ವದ ಜೀನ್ ಬೆಕ್ಕಿನ ಕುಲದಲ್ಲಿ ಕೆಲಸ ನಿಲ್ಲಿಸಿಬಿಟ್ಟಿದೆ. ಮಾಂಸವನ್ನಷ್ಟೇ ತಿನ್ನುವ ಪ್ರಾಣಿಗೆ ಗಿಡಗಳ ನಂಜು ಕಳೆಯುವ ಆ ಕಿಣ್ವದ ಅಗತ್ಯ ಬೀಳದೆ ಅದು ತುಕ್ಕು ಹಿಡಿಯಿತು ಎಂಬುದು ವಿಜ್ಞಾನಿಗಳ ಊಹೆ. ಪರಿಣಾಮ ಮಾತ್ರ ಊಹೆಯಲ್ಲ: ರಕ್ತ ಆಮ್ಲಜನಕ ಹೊರುವುದನ್ನು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಂನ ಒಂದು ಮಾತ್ರೆ ಬೆಳೆದ ಬೆಕ್ಕನ್ನೇ ಕೊಲ್ಲಬಲ್ಲದು. ಇದಕ್ಕೆ ಪ್ರತಿವಿಷ ಇದೆ. ಮನುಷ್ಯರಿಗೂ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಅದು. ಬೇಗ ತಲುಪಿದರೆ ಬದುಕುವ ಅವಕಾಶವಿದೆ. ಡಾಕ್ಟರು ಬೈಯುತ್ತಾರೆ ಎಂದು ‘ಅರ್ಧ ಮಾತ್ರೆ ಕೊಟ್ಟೆವು’ ಎಂಬುದನ್ನು ಮುಚ್ಚಿಡಬೇಡಿ. ಮಾತ್ರೆಯ ಹಾಳೆಯನ್ನೇ ಜೇಬಿಗೆ ಹಾಕಿಕೊಂಡು ಹೋಗಿ.

● ನಾಯಿಗೆ ತಂದ ಚಿಗಟದ ಔಷಧಿಯಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ಹನಿಯೂ ಬೇಡ. ಮೈ ಅದುರಿ ಫಿಟ್ಸ್ ಬರುತ್ತದೆ.

● ನೆಲ ಒರೆಸುವ ಫಿನೈಲು, ಬೀರುವಿನ ನುಸಿಗುಳಿಗೆ, ನೀಲಗಿರಿ ಎಣ್ಣೆ, ಕರ್ಪೂರದ ಮುಲಾಮು ಬೆಕ್ಕಿಗೆ ಆಗದ ವಸ್ತುಗಳ ಪಟ್ಟಿಯಲ್ಲಿ ಮೇಲಿವೆ. ಮರಿ ಫಿನೈಲ್ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ಸಾಕು. ನೆಗಡಿಯಾದ ಮರಿಯ ಎದೆಗೆ ವಿಕ್ಸ್ ತಿಕ್ಕುವ ಅಕ್ಕರೆಯನ್ನಂತೂ ದಯವಿಟ್ಟು ಬಿಡಿ.

● ಹುಟ್ಟುಹಬ್ಬದ ಬೊಕೆಯಲ್ಲಿ ಬರುವ ಲಿಲ್ಲಿ ಬೆಕ್ಕಿನ ಮೂತ್ರಪಿಂಡವನ್ನು ಎರಡು ಮೂರು ದಿನದಲ್ಲಿ ನಿಲ್ಲಿಸಿಬಿಡುತ್ತದೆ. ಎಲೆ, ದಳ, ಮೈಗೆ ಹತ್ತಿದ ಪರಾಗ, ಹೂದಾನಿಯ ನೀರು, ಎಲ್ಲವೂ ವಿಷವೇ. ನಾಯಿಗೆ ಹೀಗಾಗುವುದಿಲ್ಲ, ನಮಗೂ ಇಲ್ಲ. ಮೊದಲು ಒಂದೆರಡು ವಾಂತಿಯಾಗಿ ಆಮೇಲೆ ಮರಿ ಸುಧಾರಿಸಿದಂತೆ ಕಾಣುವುದುಂಟು, ಮೋಸ ಹೋಗುವುದು ಅಲ್ಲೇ. ಅಗಿದದ್ದು ಕಂಡಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ. ನಮ್ಮ ಸುಗಂಧರಾಜ ಈ ಲಿಲ್ಲಿಯ ಜಾತಿಗೆ ಸೇರಿದ್ದಲ್ಲ.

● ಬೆಕ್ಕಿನ ಮರಿಗಳ ದೊಡ್ಡ ಶತ್ರು ಯಾರು ಎಂದರೆ ನಾಯಿ ಅನ್ನುತ್ತೇವೆ. ಪ್ಯಾನ್‌ಲ್ಯುಕೋಪೀನಿಯಾ ಎಂಬ ಉದ್ದ ಹೆಸರಿನ ಪಾರ್ವೊ ವೈರಸ್ ಕಾಯಿಲೆ ಅದಕ್ಕಿಂತ ಎಷ್ಟೋ ಕ್ರೂರಿ. 1978ರಲ್ಲಿ ಜಗತ್ತಿನ ನಾಯಿಗಳನ್ನು ಕಂಗೆಡಿಸಿದ ಪಾರ್ವೊ ಹುಟ್ಟಿದ್ದೂ ಇದೇ ವೈರಸ್ ಕುಟುಂಬದಿಂದ. ಇದು ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೆ ಹೊಡೆಯುತ್ತದೆ. ರೋಗದ ಜೊತೆ ಕಾದಾಡಬೇಕಾದ ಬಿಳಿ ರಕ್ತಕಣಗಳೇ ಖಾಲಿ. ನಿನ್ನೆ ಪರದೆ ಹತ್ತುತ್ತಿದ್ದ ಮರಿ ಇವತ್ತು ತಟ್ಟೆ ಮುಟ್ಟುವುದಿಲ್ಲ. ಹಳದಿ ನೊರೆಯ ವಾಂತಿ, ವಾಸನೆಯ ಭೇದಿ, ಒಮ್ಮೊಮ್ಮೆ ರಕ್ತ. ನೀರಿನ ಬಟ್ಟಲ ಮುಂದೆ ತಲೆ ಜೋತು ಕೂತಿರುತ್ತದೆ, ಕುಡಿಯುವುದಿಲ್ಲ. ಈ ಭಂಗಿ ಕಂಡರೆ ಅನುಭವಿ ಪಶುವೈದ್ಯರು ಬಾಗಿಲಲ್ಲೇ ಕಾಯಿಲೆ ಗುರುತಿಸುತ್ತಾರೆ. ಚಿಕಿತ್ಸೆ ಸಿಗದ ಎಳೆಯ ಮರಿಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಡ್ರಿಪ್, ಆಂಟಿಬಯಾಟಿಕ್, ವಾಂತಿ ತಡೆಯುವ ಮದ್ದು ಬೇಗ ಶುರುವಾದರೆ ಗೆದ್ದು ಬರುವ ಮರಿಗಳೂ ಬೇಕಾದಷ್ಟಿವೆ.

● ಇದೇ ವೈರಸ್ ಮನೆಯ ನೆಲದಲ್ಲಿ, ಹಾಸಿಗೆಯಲ್ಲಿ, ನಿಮ್ಮ ಚಪ್ಪಲಿಯ ಅಡಿಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಸೋಪು, ಸ್ಯಾನಿಟೈಜರ್‌ಗೆ ಜಗ್ಗುವುದಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ, ಮೊದಲೇ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಮರಿ ಸತ್ತ ದುಃಖಕ್ಕೆ ಮರುವಾರವೇ ಇನ್ನೊಂದು ಮರಿ ತರುವವರು ಇದನ್ನು ಎರಡು ಸಲ ಓದಿ. ಲಸಿಕೆ ಶುರುವಾಗುವುದು ಆರರಿಂದ ಎಂಟನೇ ವಾರದಲ್ಲಿ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡುತ್ತಾ 16 ವಾರ ದಾಟಿಸಬೇಕು. ಒಂದು ಚುಚ್ಚಿಸಿ ‘ಆಯ್ತಲ್ಲ’ ಎಂದರೆ ಆಗಲಿಲ್ಲ.

● ತಾಯಿಯ ಹೊಟ್ಟೆಯಲ್ಲಿದ್ದಾಗ ಇದೇ ವೈರಸ್ ತಗುಲಿದ ಮರಿ ಕುಡಿದವರಂತೆ ತೂರಾಡಿಕೊಂಡು ನಡೆಯುತ್ತದೆ. ಕಿರುಮೆದುಳು ಪೂರ್ತಿ ಬೆಳೆದಿರುವುದಿಲ್ಲ. ನೋಡಿದವರಿಗೆ ಭಯ, ಮರಿಗೆ ನೋವಿಲ್ಲ. ಈ ತೂರಾಟ ಹೆಚ್ಚುವುದೂ ಇಲ್ಲ, ಎಷ್ಟೋ ಬೆಕ್ಕುಗಳು ಹಾಗೆಯೇ ಪೂರ್ಣಾಯುಸ್ಸು ಬಾಳುತ್ತವೆ. ನಿನ್ನೆವರೆಗೆ ನೆಟ್ಟಗೆ ನಡೆದ ಮರಿ ಇವತ್ತು ತೂರಾಡಿದರೆ ಮಾತ್ರ ತುರ್ತು.

● ದಾರ! ಹೂಮಾಲೆಯ ದಾರ, ಗಾಳಿಪಟದ ಮಾಂಜಾ, ಸೂಜಿ ಸಮೇತ ಹೊಲಿಗೆ ನೂಲು. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿರುವುದರಿಂದ ಒಮ್ಮೆ ಬಾಯಿಗೆ ಬಂದ ದಾರವನ್ನು ಅದು ಉಗುಳಲಾರದು, ನುಂಗುತ್ತಾ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ಕರುಳಿಗಿಳಿದರೆ ಕರುಳು ದಾರದ ಗುಂಟ ನೆರಿಗೆ ಬಿದ್ದು ಕೊಯ್ದುಹೋಗುತ್ತದೆ. ಬಾಯಲ್ಲಾಗಲಿ ಬಾಲದಡಿಯಲ್ಲಾಗಲಿ ದಾರ ನೇತಾಡುವುದು ಕಂಡರೆ ಎಳೆಯಬೇಡಿ. ಎಷ್ಟೇ ಕೈ ತುರಿಸಿದರೂ ಬೇಡ. ಅದು ಆಪರೇಷನ್ ಟೇಬಲ್ಲಿನ ಕೆಲಸ.

● 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಕಟ್ಟಡಗಳಿಂದ ಬಿದ್ದು ತಮ್ಮ ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದ್ದವು. ಏಳನೇ ಮಹಡಿಗಿಂತ ಮೇಲಿಂದ ಬಿದ್ದವಕ್ಕೆ ಪೆಟ್ಟು ಕಡಿಮೆ ಎಂಬ ವಿಚಿತ್ರವೂ ಅದರಲ್ಲಿತ್ತು. ಒಂಬತ್ತು ಜೀವದ ಕಥೆಗೆ ಇದಕ್ಕಿಂತ ಪುರಾವೆ ಬೇಕೇ ಎಂದು ಪತ್ರಿಕೆಗಳು ಕುಣಿದವು. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ ಎಂಬ ಸರಳ ಸಂಗತಿಯನ್ನು ಟೀಕಾಕಾರರು ಆಮೇಲೆ ನೆನಪಿಸಬೇಕಾಯಿತು. ಇನ್ನೊಂದು ವಿಷಯ: ಗಾಳಿಯಲ್ಲಿ ಮೈ ತಿರುಗಿಸಿ ಕಾಲೂರುವ ವಿದ್ಯೆ ಹುಟ್ಟಿನಿಂದ ಬರುವುದಲ್ಲ, ಮೂರು ನಾಲ್ಕನೇ ವಾರ ಶುರುವಾಗಿ ಆರೇಳನೇ ವಾರಕ್ಕೆ ಕೈಗೂಡುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬಿದ್ದ ಮರಿ ಎದ್ದು ನಡೆದು ಸೋಫಾ ಕೆಳಗೆ ಸೇರಿತೆಂದರೆ ಗೆದ್ದಿತೆಂದಲ್ಲ. ಶ್ವಾಸಕೋಶ ಜಜ್ಜಿರಬಹುದು, ವಪೆ ಹರಿದಿರಬಹುದು, ಅಂಗುಳು ಸೀಳಿರಬಹುದು. ಬಿದ್ದ ಮರಿಯನ್ನು ಬಿದ್ದ ದಿನವೇ ತೋರಿಸಬೇಕು.

● ಕರೆಂಟ್ ವೈರ್ ಕಚ್ಚಿದ ಮರಿಗೂ ಇದೇ ನಿಯಮ. ಬಾಯಿ ಸುಟ್ಟದ್ದು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ, ಕೆಲವೊಮ್ಮೆ ಮಾರನೆಯ ದಿನ. ಮರಿ ವೈರಿಗೆ ಅಂಟಿಕೊಂಡೇ ಇದ್ದರೆ ಮೊದಲು ಮೇನ್ ಸ್ವಿಚ್, ಆಮೇಲೆ ಮರಿ.

● ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಾವಿನ ಜೊತೆ ಆಟಕ್ಕಿಳಿಯುವ ಮರಿಗಳು ಕಮ್ಮಿಯಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ಪ್ರಾಣಿಗಳಿಗೂ ಕೊಡುತ್ತಾರೆ. ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಸೊಪ್ಪಿನ ರಸ ಹಿಂಡುವುದು ಸಮಯ ತಿನ್ನುವ ಕೆಲಸಗಳು.

● ಚಿಗಟ ಬೆಕ್ಕಿನ ಮರಿಯನ್ನು ಕೊಲ್ಲುತ್ತದೆ. ಉತ್ಪ್ರೇಕ್ಷೆಯಲ್ಲ. ಅರ್ಧ ಕಿಲೋ ತೂಗುವ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಮೂರು ದೊಡ್ಡ ಚಮಚದಷ್ಟು. ನೂರಾರು ಚಿಗಟ ಹಗಲಿರುಳು ಹೀರಿದರೆ ಉಳಿಯುವುದೆಷ್ಟು? ಒಸಡು ಕಾಗದದಂತೆ ಬೆಳ್ಳಗಾಗಿ ಮರಿ ಮಲಗಿದಲ್ಲೇ ಇದ್ದರೆ ಅದಕ್ಕೆ ಬೇಕಾಗಿರುವುದು ರಕ್ತ, ಸ್ನಾನವಲ್ಲ.

● ರಕ್ತ ಅಂದಾಗ ನೆನಪಾಯಿತು, ಬೆಕ್ಕಿಗೂ ರಕ್ತದ ಗುಂಪುಗಳಿವೆ: ಎ, ಬಿ, ಎಬಿ. ‘ಒ’ ಇಲ್ಲ. ಬಿ ಗುಂಪಿನ ತಾಯಿಗೆ ಎ ಗುಂಪಿನ ಮರಿ ಹುಟ್ಟಿದರೆ ಅಮೃತವಾಗಬೇಕಾದ ಗಿಣ್ಣುಹಾಲೇ ನಂಜಾಗುತ್ತದೆ. ತಾಯಿಯ ಹಾಲಿನ ಪ್ರತಿಕಾಯಗಳು ಮರಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಗಟ್ಟಿಮುಟ್ಟಾಗಿ ಹುಟ್ಟಿ ಚೆನ್ನಾಗಿ ಹಾಲು ಕುಡಿದ ಮರಿ ಒಂದೆರಡು ದಿನದಲ್ಲಿ ಸೊರಗುತ್ತದೆ, ಅದರ ಮೂತ್ರ ಕೆಂಪುಗಂದಾಗುತ್ತದೆ. ಬದುಕುಳಿದ ಕೆಲವು ಮರಿಗಳ ಬಾಲದ ತುದಿ ಒಣಗಿ ಉದುರುತ್ತದೆ. ಪರ್ಷಿಯನ್, ಬ್ರಿಟಿಷ್ ಶಾರ್ಟ್‌ಹೇರ್ ಸಾಕುವವರು ಜೋಡಿ ಕೂಡಿಸುವ ಮೊದಲೇ ರಕ್ತ ಪರೀಕ್ಷೆ ಮಾಡಿಸುವುದು ಜಾಣತನ.

● ಗಾಯದಲ್ಲಿ ಹುಳ ಬಿದ್ದರೆ ಟರ್ಪೆಂಟೈನ್ ಸುರಿಯುವುದು ದನದ ಕೊಟ್ಟಿಗೆಯಿಂದ ಬಂದ ರೂಢಿ. ಬೆಕ್ಕಿನ ಮರಿಗೆ ಅದೂ ಆಗದು, ಸೀಮೆಎಣ್ಣೆಯೂ ಆಗದು, ನುಸಿಗುಳಿಗೆ ಪುಡಿಯೂ ಆಗದು. ನೊಣ ಮೊಟ್ಟೆಯಿಟ್ಟ ಒಂದು ದಿನದೊಳಗೆ ಹುಳಗಳು ಮಾಂಸಕ್ಕಿಳಿಯುತ್ತವೆ, ಹೀಗಾಗಿ ಇದೂ ಅದೇ ದಿನದ ಕೆಲಸ.

● ಇಲಿ ಹಿಡಿಯುವ ಅಂಟು ಹಾಳೆಗೆ ಮರಿ ಅಂಟಿಕೊಂಡರೆ ಎಳೆಯಬೇಡಿ, ಚರ್ಮವೇ ಕಿತ್ತುಬರುತ್ತದೆ. ಅಡುಗೆ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಿ. ಪೆಟ್ರೋಲು, ಥಿನ್ನರ್ ಎಂದರೆ ಬಾಣಲೆಯಿಂದ ಬೆಂಕಿಗೆ.

● ಇಲಿ ಪಾಷಾಣದಲ್ಲಿ ಮುಖ್ಯವಾಗಿ ಎರಡು ಬಗೆ. ಬ್ರೊಮಾಡಿಯೋಲೋನ್ ಇರುವ ಬಿಲ್ಲೆ ತಿಂದ ಮರಿ ಮೂರು ನಾಲ್ಕು ದಿನ ಆಡಿಕೊಂಡೇ ಇದ್ದು ಆಮೇಲೆ ಒಳಗೊಳಗೇ ರಕ್ತ ಸುರಿಸುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದು. ಜಿಂಕ್ ಫಾಸ್ಫೈಡ್ ಪುಡಿ ಗಂಟೆಗಳಲ್ಲೇ ಕೆಲಸ ಮುಗಿಸುತ್ತದೆ. ಇದನ್ನು ತಿಂದ ಮರಿಯ ವಾಂತಿಯಿಂದ ಬರುವ ಅನಿಲ ನಿಮಗೂ ಅಪಾಯ, ಕಾರಿನ ಕಿಟಕಿ ತೆರೆದಿಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಯಾವ ವಿಷಕ್ಕೂ ಬೇಡ, ಬೆಕ್ಕಿಗೆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ಪೊಟ್ಟಣ ಒಯ್ಯಿರಿ.

● ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ಮರಿಗಳ ಮಟ್ಟಿಗೆ ಅದೇ ಸರಿ! ಹಸುವಿನ ಹಾಲಿನ ಲ್ಯಾಕ್ಟೋಸ್ ಅರಗದೆ ಭೇದಿಯಾಗುತ್ತದೆ, ಎಳೆಯ ಮರಿಗೆ ಭೇದಿ ಎಂದರೆ ಅರ್ಧ ದಿನದಲ್ಲಿ ನೀರು ಬತ್ತಿದ ಹಾಗೆ. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ. ತಾಯಿಯ ಹೊಟ್ಟೆಯಡಿ ಮಲಗುವಂತೆ ಬೋರಲಾಗಿಯೇ ಇರಲಿ. ಮೂಗಿನಿಂದ ಹಾಲು ಬಂದರೆ, ಕುಡಿದ ಮೇಲೆ ಉಸಿರಾಟದಲ್ಲಿ ಗೊರಗೊರ ಶುರುವಾದರೆ ಹಾಲು ಶ್ವಾಸಕೋಶಕ್ಕೆ ಹೋಗಿರಬಹುದು. ಅಂಗುಳು ಸೀಳಿರುವ ಮರಿಗೂ ಹೀಗಾಗುತ್ತದೆ.

● ಮೂರು ವಾರ ತುಂಬುವವರೆಗೆ ಮರಿಗೆ ತಾನಾಗಿ ಮೂತ್ರ ಮಾಡಲೂ ಬರುವುದಿಲ್ಲ! ತಾಯಿ ನೆಕ್ಕಿದರಷ್ಟೇ ಹೊರಬರುತ್ತದೆ. ತಬ್ಬಲಿ ಮರಿಗೆ ಪ್ರತಿ ಸಲ ಹಾಲಾದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಒರೆಸಬೇಕು. ಗೊತ್ತಿಲ್ಲದವರು ಹಾಲು ಹಾಕಿ ಹಾಕಿ, ಉಬ್ಬಿದ ಹೊಟ್ಟೆ ನೋಡಿ ‘ದುಂಡಗಾಗಿದೆ’ ಎಂದು ಸಂತೋಷಪಡುತ್ತಾರೆ.

● ಬೆಳೆದ ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕಿ, ಹನಿಯೂ ಬಾರದೆ ಕೂಗಿದರೆ ಮಲಬದ್ಧತೆ ಎಂದು ಎಣ್ಣೆ ಕುಡಿಸುವವರಿದ್ದಾರೆ. ಮೂತ್ರನಾಳ ಕಟ್ಟಿದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಮರಿಗಳಲ್ಲಿ ಅಪರೂಪ, ವರ್ಷ ದಾಟಿದ ಗಂಡಿನಲ್ಲಿ ಸಾಮಾನ್ಯ.

● ಕಣ್ಣು ಬಿಡುವುದು 7ರಿಂದ 14 ದಿನದೊಳಗೆ. ಇನ್ನೂ ಮುಚ್ಚಿದ ರೆಪ್ಪೆಯ ಹಿಂದೆ ಊದಿಕೊಂಡು ಗೋಲಿಯಂತೆ ಉಬ್ಬಿದ್ದರೆ ಒಳಗೆ ಕೀವು ತುಂಬಿದೆ. ಅವತ್ತೇ ತೆಗೆಸದಿದ್ದರೆ ದೃಷ್ಟಿ ಹೋಗಬಹುದು.

● ಮೂಗು ಕಟ್ಟಿದ ಮರಿ ಉಪವಾಸ ಬೀಳುತ್ತದೆ. ವಾಸನೆ ಸಿಗದ ಊಟವನ್ನು ಬೆಕ್ಕು ಊಟವೆಂದೇ ಒಪ್ಪುವುದಿಲ್ಲ. ನೆಗಡಿ ಸಣ್ಣದು, ಅದರಿಂದಾದ ಉಪವಾಸ ದೊಡ್ಡದು. ಊಟ ತುಸು ಬೆಚ್ಚಗೆ ಮಾಡಿಕೊಡಿ, ಮೂಗು ಒರೆಸಿ. ಆದರೂ ತಿನ್ನದಿದ್ದರೆ ಮೇಲಿನ ಗಂಟೆಗಳ ಲೆಕ್ಕ ನೆನಪಿಸಿಕೊಳ್ಳಿ.

● ಫಿಟ್ಸ್ ಬಂದಾಗ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನ ಎರಡನೇ ಸಲ ಬಂದರೆ ತುರ್ತು. ಬಾಯಿಗೆ ಬೆರಳು, ಚಮಚ ಹಾಕಬೇಡಿ. ಮನುಷ್ಯರಿಗೇ ಉಪಯೋಗವಿಲ್ಲದ ಕಬ್ಬಿಣದ ಬೀಗದ ಕೈ ಮರಿಗೆ ಯಾಕೆ? ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಡಾಕ್ಟರು ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ.

● ಕೋವಿಡ್ ಕಾಲದಲ್ಲಿ ಕೇಳಿದ ರೆಮ್ಡೆಸಿವಿರ್ ಹೆಸರು ನೆನಪಿದೆಯೇ? ಅದರ ಮೂಲರೂಪವಾದ ಜಿಎಸ್-441524 ಎಂಬ ಔಷಧಿ ಎಫ್‌ಐಪಿ ಎಂಬ ಬೆಕ್ಕಿನ ಕಾಯಿಲೆಯ ಹಣೆಬರಹವನ್ನೇ ಬದಲಿಸಿತು. ಎಫ್‌ಐಪಿ ಕೂಡ ಒಂದು ಕೊರೊನಾ ವೈರಸ್ಸಿನದೇ ಕಿತಾಪತಿ. ಹೆಚ್ಚಾಗಿ ಎರಡು ವರ್ಷದೊಳಗಿನ ಬೆಕ್ಕುಗಳಿಗೆ ಬರುತ್ತದೆ. ಆಂಟಿಬಯಾಟಿಕ್ಕಿಗೆ ಬಗ್ಗದ ಜ್ವರ, ಬೆನ್ನು ಸೊರಗಿ ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬುವುದು, ಕಣ್ಣಿನ ಬಣ್ಣ ಬದಲಾಗುವುದು ಲಕ್ಷಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು 2019ರಲ್ಲಿ ಫಲಿತಾಂಶ ಪ್ರಕಟಿಸುವವರೆಗೆ ಈ ಕಾಯಿಲೆ ಎಂದರೆ ಸಾವು ಎಂದೇ ಲೆಕ್ಕ. ಈಗ ಹಾಗಲ್ಲ. ‘ಎಫ್‌ಐಪಿ ಇರಬಹುದು’ ಎಂದ ಕೂಡಲೇ ಆಸೆ ಬಿಡಬೇಕಿಲ್ಲ.

● ಓಡಬೇಕಾಗಿಲ್ಲದ ಸಂಗತಿಗಳೂ ಇವೆ. ನಿದ್ದೆಯಲ್ಲಿ ಎಳೆಯ ಮರಿ ಚಕಚಕ ಅದುರುವುದು ಆರೋಗ್ಯದ ಗುರುತು. ಬಿಕ್ಕಳಿಕೆ, ಒಂದೆರಡು ಸೀನು, ಗಬಗಬ ತಿಂದು ಒಮ್ಮೆ ಕಕ್ಕಿ ಮತ್ತೆ ಆಟಕ್ಕೆ ಓಡುವುದು, ಇವಕ್ಕೆಲ್ಲ ನಿದ್ದೆಗೆಡಬೇಡಿ. ಪೊದೆಯಲ್ಲಿ ಬೆಚ್ಚಗೆ, ದುಂಡಗೆ ಮಲಗಿರುವ ಮರಿಗಳು ತಬ್ಬಲಿಗಳೆಂದು ತಂದುಬಿಡಲೂ ಬೇಡಿ; ತಾಯಿ ಬೇಟೆಗೆ ಹೋಗಿರುತ್ತಾಳೆ, ಬರಲು ಗಂಟೆಗಳಾಗಬಹುದು.

● ನಿಮ್ಮ ತುರ್ತೂ ಇದೆ. ಎಲ್ಲಿಂದಲೋ ಬಂದ ಮರಿ ಕಚ್ಚಿದರೆ, ಪರಚಿ ರಕ್ತ ಬಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯೊಂದರದೇ ಸ್ವತ್ತಲ್ಲ. ಮರಿ ಸಣ್ಣದೆಂದು ವೈರಸ್ ಸಣ್ಣದಾಗುವುದಿಲ್ಲ. ಸಾಕಿದ ಮರಿಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ.

● ಎಲ್ಲಿಗೆ ಹೋಗುವುದು? ನಮ್ಮೂರುಗಳಲ್ಲಿ ದನದ ಡಾಕ್ಟರೇ ಬೆಕ್ಕಿಗೂ ಡಾಕ್ಟರು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದು, ಉಸಿರು ಕಟ್ಟಿದ ಮರಿಯನ್ನಿಟ್ಟುಕೊಂಡು ಅದನ್ನೇ ಕಾದು ಕೂರಬೇಡಿ. ನಗರಗಳಲ್ಲಿ ರಾತ್ರಿಯೂ ತೆರೆದಿರುವ ಖಾಸಗಿ ಕ್ಲಿನಿಕ್ಕುಗಳಿವೆ, ಆದರೆ ‘24 ಗಂಟೆ’ ಎಂದು ಬೋರ್ಡಿನಲ್ಲಿರುವುದಕ್ಕೂ ರಾತ್ರಿ ಎರಡಕ್ಕೆ ಒಳಗೆ ಡಾಕ್ಟರು ಇರುವುದಕ್ಕೂ ವ್ಯತ್ಯಾಸವಿದೆ. ಮರಿ ಚೆನ್ನಾಗಿ ಕುಣಿದಾಡುತ್ತಿರುವ ಈ ಹೊತ್ತಿನಲ್ಲೇ ಫೋನು ಮಾಡಿ ಕೇಳಿ: ರಾತ್ರಿ ಯಾರಿರುತ್ತಾರೆ, ಆಕ್ಸಿಜನ್ ಇದೆಯೇ, ಬೆಕ್ಕನ್ನು ನೋಡುತ್ತಾರೆಯೇ? ಹೌದೆಂದವರ ನಂಬರನ್ನು ಮನೆಮಂದಿಯ ಎಲ್ಲರ ಮೊಬೈಲಿನಲ್ಲೂ ಇವತ್ತೇ ಸೇವ್ ಮಾಡಿಡಿ.